ಯುವನಿಧಿಯಿಂದ ಅಪ್ರೆಂಟಿಸ್‌ಗೆ: ನಾನು ದಾಟಿದ ದಾರಿ

ಮಂಡ್ಯದಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರು ನನ್ನನ್ನು ಕೇಳೋದು ಒಂದೇ: "ಯಾವ ಸ್ಕೀಮಿಗೆ ಅರ್ಜಿ ಹಾಕ್ಲಿ ಅಕ್ಕ?" ಎಲ್ಲದಕ್ಕೂ ಹಾಕೋಣ, ಯಾವುದು ಮೊದಲು ಬರುತ್ತೋ ಅದಕ್ಕೆ ಹೋಗೋಣ ಅನ್ನಿಸೋದು ಸಹಜ. ಆದರೆ ಇವುಗಳಲ್ಲಿ ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆ. ಆದ್ದರಿಂದ ಯಾವುದನ್ನು ಮೊದಲು ಹಿಡಿಯಬೇಕು ಅನ್ನೋದನ್ನು ಅರ್ಜಿಗೆ ಮುಂಚೆಯೇ ಯೋಚಿಸಬೇಕು.

ನಾನು 2023ರಲ್ಲಿ ಬಿ.ಕಾಂ ಪಾಸಾದವಳು. ಆ ವರ್ಷ ಡಿಸೆಂಬರ್ 26ಕ್ಕೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯ ನೋಂದಣಿ ಶುರುವಾಯಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ ಅಂತ ಆಗ ತಿಂಗಳು ತಿಂಗಳೂ ಸ್ವಯಂ ಘೋಷಣೆ ಕೊಡಬೇಕಿತ್ತು. ದುಡ್ಡು ಬರೋದು ಆಧಾರ್ ಸೀಡಿಂಗ್ ಆದ, ಅಂದರೆ ಸರ್ಕಾರದ ಹಣ ಬರೋಕೆ ಆಧಾರ್ ಜೋಡಿಸಿದ ಖಾತೆಗೆ. ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದೀವಿ ಅಂದಮಾತ್ರಕ್ಕೆ ಸೀಡಿಂಗ್ ಆಗಿದೆ ಅಂತಲ್ಲ, ಬ್ಯಾಂಕಿಗೆ ಹೋಗಿ ಕೇಳಿ ಖಚಿತ ಮಾಡಿಕೊಳ್ಳಿ. ಆ ಹಣದಲ್ಲಿ ನಾನು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿಯೋ ಕ್ಲಾಸಿಗೆ ಸೇರಿದೆ, ಸಂದರ್ಶನಕ್ಕೆ ಮೈಸೂರಿಗೆ ಓಡಾಡಿದೆ. ಅಪ್ಪನ ಮುಂದೆ ಬಸ್ ಚಾರ್ಜಿಗೆ ಕೈ ಚಾಚದೆ ಕೆಲಸ ಹುಡುಕೋದು ಎಷ್ಟು ದೊಡ್ಡದು ಅಂತ ಹುಡುಕಿದವರಿಗೇ ಗೊತ್ತು.

ಆಮೇಲೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ, ಅಂದರೆ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿದೆ. ಇದು 1961ರ ಅಪ್ರೆಂಟಿಸ್ ಕಾಯ್ದೆಯಡಿ ನಡೆಯುವ ಒಂದು ವರ್ಷದ ತರಬೇತಿ. ಎಂಜಿನಿಯರಿಂಗ್‌ನವರಿಗೆ ಮಾತ್ರ ಅಂತ ನಮ್ಮ ಕಡೆ ತುಂಬಾ ಜನ ತಿಳಿದಿದ್ದಾರೆ, ಬಿ.ಎ., ಬಿ.ಎಸ್ಸಿ., ಬಿ.ಕಾಂ ಆದವರಿಗೂ ಇದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಜಾಗ ಸಿಕ್ಕಿತು. ಸ್ಟೈಪೆಂಡ್ 9,000. ಅದರಲ್ಲಿ ಅರ್ಧ ಕೇಂದ್ರ ಸರ್ಕಾರದ ಪಾಲು. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಯುವನಿಧಿ ಇಲ್ಲ, ಆ 3,000 ಅಲ್ಲಿಗೆ ನಿಂತಿತು.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ. ಆಗಿನ ನಿಯಮದಂತೆ 21ರಿಂದ 24 ವಯಸ್ಸಿನವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000, ಮೇಲೆ ಒಂದು ಸಲ 6,000. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ನ್ಯಾಟ್ಸ್ ಅಪ್ರೆಂಟಿಸ್ ಮುಗಿಸಿದವರಿಗೆ ಅಲ್ಲಿ ಅವಕಾಶ ಇಲ್ಲ. ದೊಡ್ಡ ಕಂಪನಿಯ ಹೆಸರು ಬೇಕು, ಕಡಿಮೆ ದುಡ್ಡಾದರೂ ಸರಿ ಅನ್ನುವವರು ನ್ಯಾಟ್ಸ್ ಕರಾರಿಗೆ ಸಹಿ ಹಾಕುವ ಮುಂಚೆಯೇ ಇದನ್ನು ತೀರ್ಮಾನಿಸಬೇಕು. ನನ್ನ ಮಟ್ಟಿಗೆ ಹೆಬ್ಬಾಳವೇ ಸರಿ ಅನ್ನಿಸಿತ್ತು. ಬೆಳಿಗ್ಗೆ ಮಂಡ್ಯದಲ್ಲಿ ಮೆಮು ರೈಲು ಹತ್ತಿದರೆ ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರು, ಸಂಜೆ ಮನೆ. ರೂಮ್ ಬಾಡಿಗೆ ಉಳಿಯಿತು.

ಸೇರಿದ ಹೊಸದರಲ್ಲಿ ನನಗೆ ಕೊಟ್ಟದ್ದು ಜೆರಾಕ್ಸ್, ಫೈಲ್ ಜೋಡಿಸೋದು, ಕೊರಿಯರ್ ಬರೆಯೋದು. ಅಪ್ರೆಂಟಿಸ್ ಅಂದರೆ ಅಗ್ಗದ ಕೈಯಾಳು ಅಂದುಕೊಂಡ ಕಡೆಗಳು ಇವೆ, ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತೇನೆ. ಕಲಿಸುತ್ತೇವೆ ಅಂತ ಕರಾರು ಮಾಡಿಕೊಂಡೇ ಅವರು ನಮ್ಮನ್ನು ತಗೊಂಡಿರುತ್ತಾರೆ. ನಾನು ಆ ಕರಾರಿನ ಪ್ರತಿ ಹಿಡಿದು ಅಕೌಂಟ್ಸ್ ಮೇಲ್ವಿಚಾರಕರ ಹತ್ತಿರ ಹೋದೆ. "ಸರ್, ಜಿಎಸ್‌ಟಿ ಕೆಲಸದಲ್ಲಿ ಕೂರಿಸಿ, ಜೆರಾಕ್ಸನ್ನೂ ಮಾಡ್ತೀನಿ" ಅಂದೆ. ಮಾರನೇ ವಾರದಿಂದ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಯಾರಾಗುವ ಪಟ್ಟಿಯ ಜೊತೆ ತಾಳೆ ನೋಡೋದು ನನ್ನ ಪಾಲಿಗೆ ಬಂತು. ನಾವು ಸರಕು ಕೊಂಡು ತೆರಿಗೆ ಕಟ್ಟಿದ್ದರೂ, ಮಾರಿದವನು ರಿಟರ್ನ್‌ನಲ್ಲಿ ಆ ಬಿಲ್ ತೋರಿಸದಿದ್ದರೆ ನಮಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ, ಅಂದರೆ ಆ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋಕೆ ಆಗಲ್ಲ. ಅಂಥ ಬಿಲ್ ಹುಡುಕಿ, ಸಪ್ಲೈಯರ್‌ಗೆ ಫೋನ್ ಮಾಡಿ ಸರಿಪಡಿಸೋದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ದಿನದ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆದು, ತಿಂಗಳ ಕೊನೆಗೆ ಮೇಲ್ವಿಚಾರಕರ ಸಹಿ ಹಾಕಿಸುತ್ತಿದ್ದೆ.

ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ನನಗೂ ಅಲ್ಲಿ ಕೊಡಲಿಲ್ಲ. ಕೇಂದ್ರದ ಪ್ರಮಾಣಪತ್ರ ಸಿಕ್ಕಿತು. ಆದರೆ ಈಗ ನಾನಿರುವ ಮಂಡ್ಯದ ಆಡಿಟರ್ ಆಫೀಸಿನಲ್ಲಿ ಸಂದರ್ಶನ ಮಾಡಿದವರು ಹೆಚ್ಚು ಹೊತ್ತು ತಿರುವಿ ನೋಡಿದ್ದು ಆ ಸಹಿ ಇದ್ದ ನೋಟ್‌ಬುಕ್ಕನ್ನು. 2ಬಿ ತಾಳೆ ಆಗದ ಒಂದು ಪಟ್ಟಿ ಮುಂದಿಟ್ಟು, "ಇದನ್ನು ಏನು ಮಾಡ್ತೀಯಮ್ಮ?" ಅಂತ ಕೇಳಿದರು. ಹೇಳಿದೆ. ಸೋಮವಾರದಿಂದ ಬರೋಕೆ ಹೇಳಿದರು.