ಮಬ್ಬು ಬೆಳಕಿನ ಜಿಲ್ಲೆಗೆ ಯಾವ ಕ್ಯಾಮೆರಾ?

ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಮೆಗಾಪಿಕ್ಸೆಲ್?’ ಎಂದು. ಉತ್ತರ ಕನ್ನಡದವರು ಕೇಳಬೇಕಾದದ್ದು ಬೇರೆ: ಬೆಳಕು ಕಡಿಮೆ ಇದ್ದಾಗ ಇದು ಹೇಗೆ ಕೆಲಸ ಮಾಡುತ್ತದೆ? ನಮ್ಮಲ್ಲಿ ಚಿತ್ರ ತೆಗೆಯಬೇಕೆನಿಸುವ ಬಹುಪಾಲು ಸಂಗತಿಗಳು ಇರುವುದೇ ಮಬ್ಬಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ನಡುಮಧ್ಯಾಹ್ನವೂ ನೆರಳು. ಯಾಣದ ಕಾಡುದಾರಿಯಲ್ಲಿ ಅದಕ್ಕಿಂತ ಗಾಢ ನೆರಳು. ಯಕ್ಷಗಾನ ಶುರುವಾಗುವುದೇ ಕತ್ತಲಾದ ಮೇಲೆ. ಹಾಗಾಗಿ ಬೆಂಗಳೂರಿನ ಗೆಳೆಯ ಕೊಂಡದ್ದನ್ನೇ ನೀವೂ ಕೊಳ್ಳುವ ಮೊದಲು ಈ ಕೆಲವು ಹೆಜ್ಜೆಗಳನ್ನು ಓದಿ.

ಮೊದಲು ಮೊಬೈಲ್

ಕೈಯಲ್ಲಿರುವ ಮೊಬೈಲಿನಲ್ಲೇ ಒಂದೆರಡು ತಿಂಗಳು ಕಲಿಯಿರಿ. ಪರದೆಯ ಮೇಲೆ ಗ್ರಿಡ್ ಗೆರೆಗಳನ್ನು ಹಾಕಿಕೊಂಡರೆ ಸಮುದ್ರದ ಅಂಚು ಓರೆಯಾಗುವುದು ತಪ್ಪುತ್ತದೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕಿನ ಪ್ರಮಾಣ ಎರಡೂ ಅಲ್ಲಿಗೇ ನಿಲ್ಲುತ್ತವೆ. ಡಿಜಿಟಲ್ ಝೂಮ್ ಮುಟ್ಟಬೇಡಿ, ನಡೆದು ಹತ್ತಿರ ಹೋಗಿ. ಮೊಬೈಲ್ ಎಲ್ಲಿ ಸೋಲುತ್ತದೆ ಎಂಬುದನ್ನು ಗುರುತು ಮಾಡಿಟ್ಟುಕೊಳ್ಳಿ: ರಂಗಸ್ಥಳದ ಮೇಲೆ ಕುಣಿಯುವ ವೇಷವೇ, ದೂರದ ಮರದಲ್ಲಿ ಕೂತ ಮಂಗಟ್ಟೆ ಹಕ್ಕಿಯೇ, ಇಲ್ಲವೇ ಸಂಜೆಯ ಬೈತಖೋಲ್ ಬಂದರಿನ ದೋಣಿಗಳೇ? ಯಾವ ಕ್ಯಾಮೆರಾ ಬೇಕು ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ. ಮೊಬೈಲ್ ಎಲ್ಲಿಯೂ ಸೋಲುತ್ತಿಲ್ಲ ಎನಿಸಿದರೆ ಹಣ ಉಳಿಯಿತು, ಸದ್ಯಕ್ಕೆ ಕೊಳ್ಳಲೇಬೇಡಿ.

ಸೆನ್ಸರ್ ನೋಡಿ, ಮೆಗಾಪಿಕ್ಸೆಲ್ ಬಿಡಿ

6x4 ಇಂಚಿನ ಫೋಟೊ ಅಚ್ಚು ಹಾಕಿಸಲು 1800x1200 ಪಿಕ್ಸೆಲ್ ಸಾಕು. ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು. ಇಂದು ಮಾರಾಟವಾಗುವ ಯಾವ ಕ್ಯಾಮೆರಾವೂ ಇದರ ಹಲವು ಪಟ್ಟು ಕೊಡುತ್ತದೆ. ವ್ಯತ್ಯಾಸವಿರುವುದು ಬೆಳಕು ಬೀಳುವ ಸೆನ್ಸರಿನ ಅಳತೆಯಲ್ಲಿ. ಫುಲ್ ಫ್ರೇಮ್ ಎಂದರೆ 36x24 ಮಿಲಿಮೀಟರ್. ಎಪಿಎಸ್‌-ಸಿ ಸುಮಾರು 23.5x15.6 ಮಿಲಿಮೀಟರ್, ಕ್ಯಾನನ್‌ನಲ್ಲಿ ಇನ್ನೂ ಸ್ವಲ್ಪ ಚಿಕ್ಕದು. ಮೈಕ್ರೊ ಫೋರ್ ಥರ್ಡ್ಸ್ 17.3x13. ಸಾಮಾನ್ಯ ಮೊಬೈಲಿನ ಸೆನ್ಸರಿಗೆ ಹೋಲಿಸಿದರೆ ಎಪಿಎಸ್‌-ಸಿಯ ವಿಸ್ತಾರ ಸುಮಾರು ಹತ್ತು ಪಟ್ಟು. ಹೊಸಬರಿಗೆ ನನ್ನ ಸಲಹೆ ಎಪಿಎಸ್‌-ಸಿ. ಫುಲ್ ಫ್ರೇಮ್ ಕ್ಯಾಮೆರಾಕ್ಕಿಂತಲೂ ಅದರ ಲೆನ್ಸ್‌ಗಳ ಬೆಲೆ ಮತ್ತು ಭಾರ ಹೆಚ್ಚು ಹೊರೆಯಾಗುತ್ತದೆ.

ಕ್ಯಾನನ್, ನಿಕಾನ್ ಎರಡೂ ಕಂಪನಿಗಳು 2020ರ ನಂತರ ಹೊಸ ಡಿಎಸ್‌ಎಲ್‌ಆರ್ (ಲೆನ್ಸಿನ ಹಿಂದೆ ಕನ್ನಡಿಯಿರುವ ಕ್ಯಾಮೆರಾ) ಮಾದರಿ ತಂದಿಲ್ಲ. ಹೊಸದನ್ನೇ ಕೊಳ್ಳುವುದಾದರೆ ಆ ಕನ್ನಡಿಯಿಲ್ಲದ ಮಿರರ್‌ಲೆಸ್ ಕೊಳ್ಳಿ: ಕ್ಯಾನನ್ ಆರ್‌50, ನಿಕಾನ್ ಝಡ್‌50ರಂಥ ಮಾದರಿಗಳು ಕಲಿಕೆಗೆ ಚೆನ್ನಾಗಿವೆ. ಹಣ ಕಡಿಮೆಯಿದ್ದರೆ ಬಳಸಿದ ಡಿಎಸ್‌ಎಲ್‌ಆರ್‌ಗೆ ಹಿಂಜರಿಯಬೇಕಿಲ್ಲ. ನಿಕಾನ್ ಡಿ5600, ಕ್ಯಾನನ್ 200ಡಿ, ಮಿರರ್‌ಲೆಸ್‌ನಲ್ಲಿ ಸೋನಿ ಎ6000 ಈ ಮೂರರಲ್ಲೂ 24 ಮೆಗಾಪಿಕ್ಸೆಲ್ ಸೆನ್ಸರ್ ಇದೆ, ಚಿತ್ರದ ಗುಣಮಟ್ಟದಲ್ಲಿ ಇವತ್ತಿಗೂ ಕೊರತೆಯಿಲ್ಲ. ಮನೆಯಲ್ಲಿ ಅಥವಾ ನೆಂಟರಲ್ಲಿ ಯಾರ ಬಳಿಯಾದರೂ ಒಂದು ಕಂಪನಿಯ ಲೆನ್ಸ್‌ಗಳಿದ್ದರೆ ಅದೇ ಕಂಪನಿಯದನ್ನು ಕೊಳ್ಳುವುದು ಜಾಣತನ, ಎರವಲು ಸಿಗುತ್ತದೆ.

ಬಳಸಿದ್ದನ್ನು ಕೊಳ್ಳುವಾಗ ಲೆನ್ಸನ್ನು ಕಳಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಗಾಜಿನ ಒಳಗೆ ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು, ಅಂಥ ಲೆನ್ಸ್ ಬೇಡ. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/16ಕ್ಕೆ ಇಟ್ಟು ಬರಿಯ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಕಲೆಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಎಷ್ಟು ಬಾರಿ ಷಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ಬಿದ್ದಿದೆ ಎಂಬ ಲೆಕ್ಕವನ್ನೂ ಕೇಳಿ. ನಿಕಾನ್ 3000 ಮತ್ತು 5000 ಸರಣಿಯ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಮೋಟರ್ ಇರುವುದಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ‘ಎಎಫ್-ಡಿ’ ಲೆನ್ಸ್ ಅವುಗಳಲ್ಲಿ ತಾನಾಗಿ ಫೋಕಸ್ ಆಗುವುದಿಲ್ಲ, ‘ಎಎಫ್-ಎಸ್’ ಬೇಕು, ‘ಎಎಫ್-ಪಿ’ ಹಳೆಯ ಮಾದರಿಗಳಿಗೆ ಹೊಂದುವುದಿಲ್ಲ.

ಹಣ ಹೋಗಬೇಕಾದದ್ದು ಲೆನ್ಸಿಗೆ

ಡಿಎಸ್‌ಎಲ್‌ಆರ್‌ನ ಜತೆ ಸಾಮಾನ್ಯವಾಗಿ ಬರುವ 18–55 ಮಿಲಿಮೀಟರ್ ಲೆನ್ಸ್ ಹಗಲಿಗೆ ಸರಿ (ಮಿಲಿಮೀಟರ್ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಅದನ್ನು 55ಕ್ಕೆ ಎಳೆದಾಗ ಅಪರ್ಚರ್ ಎಫ್/5.6 ಆಗುತ್ತದೆ. ಎಫ್/1.8 ಇರುವ ಲೆನ್ಸ್ ಅದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು ಎಂಬುದನ್ನು ನೆನಪಿಡಿ. ಆದ್ದರಿಂದ ಎರಡನೆಯ ಖರೀದಿ ದೂರದ ಝೂಮ್ ಅಲ್ಲ, 35 ಮಿಲಿಮೀಟರ್ ಅಥವಾ 50 ಮಿಲಿಮೀಟರಿನ ಎಫ್/1.8 ಲೆನ್ಸ್. ಎಪಿಎಸ್‌-ಸಿ ಕ್ಯಾಮೆರಾದಲ್ಲಿ 35 ಸರಿಸುಮಾರು ಕಣ್ಣಿಗೆ ಕಂಡಷ್ಟನ್ನೇ ತೋರಿಸುತ್ತದೆ, 50 ಮುಖಚಿತ್ರಗಳಿಗೆ ಹೊಂದುತ್ತದೆ. ದಾಂಡೇಲಿಯ ಹಕ್ಕಿಗಳ ಆಸೆಯಿದ್ದವರಿಗೆ 300 ಮಿಲಿಮೀಟರಾದರೂ ಬೇಕು, ಆದರೆ ಹಕ್ಕಿಯಿಂದ ಆರಂಭಿಸಬೇಡಿ.

ಯಕ್ಷಗಾನದಲ್ಲಿ ಪರೀಕ್ಷೆ

ಕ್ಯಾಮೆರಾ ಕಲಿಯಲು ಬಡಗುತಿಟ್ಟಿನ ಆಟಕ್ಕಿಂತ ಒಳ್ಳೆಯ ಶಾಲೆ ನಮ್ಮ ಜಿಲ್ಲೆಯಲ್ಲಿ ಇಲ್ಲ. ಚೌಕಿಯಿಂದ (ವೇಷ ಕಟ್ಟುವ ಕೋಣೆ) ಶುರುಮಾಡಿ, ಕಲಾವಿದರ ಒಪ್ಪಿಗೆ ಪಡೆದು. ಕನ್ನಡಿಯ ಪಕ್ಕದ ಬಲ್ಬಿನ ಬೆಳಕು ಮುಖದ ಒಂದು ಪಾರ್ಶ್ವಕ್ಕೆ ಮಾತ್ರ ಬಿದ್ದಿರುತ್ತದೆ. ಕಣ್ಣಿಗೆ ಕಪ್ಪು ತೀಡುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ, ಆ ಕ್ಷಣಕ್ಕೆ ಸೆಕೆಂಡಿನ 1/100 ಭಾಗದ ಷಟರ್ ವೇಗ ಸಾಕು. ಹತ್ತಿರದ ಕಣ್ಣಿಗೆ ಫೋಕಸ್ ಇಡಿ. ಎಫ್/1.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಎಷ್ಟು ತೆಳುವೆಂದರೆ ಕಣ್ಣು ಸರಿಯಾಗಿದ್ದರೂ ಕಿವಿಯ ಆಭರಣ ಮಸುಕಾಗಿರುತ್ತದೆ.

ರಂಗಸ್ಥಳದ ಮುಂದೆ ಲೆಕ್ಕ ಬದಲಾಗುತ್ತದೆ. ಕ್ಯಾಮೆರಾವನ್ನು ಎಂ (ಮ್ಯಾನುವಲ್) ಮೋಡ್‌ಗೆ ತಿರುಗಿಸಿ, ಅಪರ್ಚರ್ ಎಫ್/2, ಷಟರ್ 1/250, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಆಟೊ, ಗರಿಷ್ಠ ಮಿತಿ 6400 ಇಡಿ. ಮಂಡಿ ಕುಣಿತ ಬಂದಾಗ 1/500ಕ್ಕೆ ಏರಿಸಿ, ಇಲ್ಲದಿದ್ದರೆ ಕಾಲುಗಳು ಕಲಸಿಹೋಗುತ್ತವೆ. ಬೇಕೆಂದೇ 1/15ಕ್ಕೆ ಇಳಿಸಿದರೆ ವೇಷದ ಬಣ್ಣಗಳು ಸುತ್ತಿ ಹರಿಯುವುದನ್ನು ಹಿಡಿಯಬಹುದು. ಹಿನ್ನೆಲೆ ಕಪ್ಪಾಗಿರುವುದರಿಂದ ಕ್ಯಾಮೆರಾ ಇಡೀ ದೃಶ್ಯವೇ ಕತ್ತಲೆಂದು ತಿಳಿದು ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಆರಿಸಿದ ಬೆಳಕನ್ನು ಹೆಚ್ಚು–ಕಡಿಮೆ ಮಾಡುವ ಸೌಲಭ್ಯ) ಮೈನಸ್ 1 ಮಾಡಿ. ಮಿರರ್‌ಲೆಸ್ ಇದ್ದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಬಳಸುವ ಆಸೆಯಾಗುತ್ತದೆ, ಎಲ್‌ಇಡಿ ದೀಪಗಳ ಕೆಳಗೆ ಅದು ಚಿತ್ರದ ಮೇಲೆ ಅಡ್ಡಪಟ್ಟೆಗಳನ್ನು ಎಳೆಯಬಹುದು. ಮೆಕ್ಯಾನಿಕಲ್ ಷಟರ್ ಸುರಕ್ಷಿತ. ಫ್ಲ್ಯಾಷ್ ಖಂಡಿತ ಬೇಡ. ಕಲಾವಿದರ ಕಣ್ಣಿಗೂ ಹಿಂದೆ ಕುಳಿತವರಿಗೂ ಅದು ಹಿಂಸೆ. ಕಡತಗಳನ್ನು ರಾ ರೂಪದಲ್ಲಿ (ಕ್ಯಾಮೆರಾ ತಿದ್ದದ ಮೂಲ ಮಾಹಿತಿ) ಉಳಿಸಿದರೆ ರಂಗದೀಪದ ಬಣ್ಣವನ್ನು ಮನೆಯಲ್ಲಿ ತಿದ್ದಬಹುದು.

ಕಡಲತೀರದ ಲೆಕ್ಕ

ಇಲ್ಲಿ ಮೇಲಿನದರ ತಿರುವುಮುರುವು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಬೂದು ಬಣ್ಣವಾಗಿಸಲು ನೋಡುತ್ತದೆ. ಬಿಳಿ ನೊರೆ, ಹೊಳೆಯುವ ಒದ್ದೆ ಮರಳು ಕೊಳೆಯಾಗಿ ಕಂಡರೆ ಪ್ಲಸ್ 1 ಮಾಡಿ. ಯಾಣದ ಕಪ್ಪು ಬಂಡೆಗಳ ಎದುರು, ಅವು ಬೂದಿ ಬಳಿದಂತೆ ಬಾರದಿರಲು, ಮೈನಸ್ 1. ಗೋಕರ್ಣ ಓಂ ಬೀಚಿನಲ್ಲಿ, ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುವುದನ್ನು ಎಲ್ಲರೂ ತೆಗೆಯುತ್ತಾರೆ. ಒಮ್ಮೆ ಬೆನ್ನು ತಿರುಗಿಸಿ ನಿಂತು ನೋಡಿ. ಸಮುದ್ರದತ್ತ ಮುಖ ಮಾಡಿ ರಂಪಣಿ ಬಲೆ ಎಳೆಯುವವರ ಮುಖಗಳ ಮೇಲೆ ಆ ಹೊತ್ತಿನ ಬೆಳಕು ನೇರವಾಗಿ ಬೀಳುತ್ತಿರುತ್ತದೆ. ಆ ಚಿತ್ರಕ್ಕೆ ದುಬಾರಿ ಲೆನ್ಸ್ ಬೇಕಿಲ್ಲ.

ಮರಳಿನ ಮೇಲೆ ನಿಂತು ಲೆನ್ಸ್ ಬದಲಿಸಬೇಡಿ. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೇವಮಾಡಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಉಪ್ಪು ಗುಂಡಿಗಳ ಸಂದಿಯಲ್ಲಿ ಕೂತರೆ ತುಕ್ಕಿಗೆ ದಾರಿ.

ಮಳೆಗಾಲಕ್ಕೆ ಮುನ್ನ

ಇದು ಕರಾವಳಿಯಲ್ಲಿ ಯಾರೂ ತಪ್ಪಿಸುವಂತಿಲ್ಲದ ಹೆಜ್ಜೆ. ಲೆನ್ಸಿನ ಬೂಷ್ಟಿಗೆ ಬೇಕಾದದ್ದು ತೇವ ಮತ್ತು ಕತ್ತಲೆ, ನಮ್ಮ ಮನೆಗಳ ಬೀರುವಿನಲ್ಲಿ ಆಷಾಢ–ಶ್ರಾವಣಗಳಲ್ಲಿ ಎರಡೂ ಧಾರಾಳ. ಬೂಷ್ಟು ಗಾಜಿನ ಮೇಲಿನ ಲೇಪನವನ್ನು ತಿಂದರೆ ತೊಳೆದರೂ ಗುರುತು ಉಳಿಯುತ್ತದೆ. ಹಪ್ಪಳ ತುಂಬಿಡುವ ಡಬ್ಬಿಯಂತೆ ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆ, ಅದರಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್, ಪುಟ್ಟ ಆರ್ದ್ರತಾ ಮಾಪಕ, ಇಷ್ಟಿದ್ದರೆ ಸಾಕು. ಮುಳ್ಳು ಶೇಕಡ 40ರಿಂದ 50ರ ನಡುವೆ ಇರಲಿ. ಬಣ್ಣ ಬದಲಾದ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ತರಬೇಡಿ. ಕ್ಯಾಮೆರಾದ ಜತೆ ಬಂದ ಚರ್ಮದ ಚೀಲ ತೇವವನ್ನು ಹಿಡಿದಿಡುತ್ತದೆ, ಅದರೊಳಗೆ ಲೆನ್ಸ್ ಇಡಬೇಡಿ. ವಾರಕ್ಕೊಮ್ಮೆ ಹೊರತೆಗೆದು ಬಳಸುವುದೂ ಒಳ್ಳೆಯ ಔಷಧ. ಎ.ಸಿ. ಕೋಣೆಯಿಂದ ಹೊರಬಂದಾಗ ಗಾಜಿಗೆ ಮಂಜು ಕವಿದರೆ ಒರೆಸುತ್ತಾ ಕೂರಬೇಡಿ, ಅರ್ಧ ಗಂಟೆ ಚೀಲದಲ್ಲೇ ಬಿಟ್ಟರೆ ತಾನೇ ಹೊಂದಿಕೊಳ್ಳುತ್ತದೆ.

ಮಳೆ ಹಿಡಿಯಿತೆಂದು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲೇ ಇಡಬೇಕೆಂದಿಲ್ಲ. ಉಂಚಳ್ಳಿ ಜಲಪಾತ ತುಂಬಿ ಬೀಳುವುದೇ ಆಗ. ಟ್ರೈಪಾಡ್ ಮೇಲಿಟ್ಟು ಅರ್ಧ ಸೆಕೆಂಡಿನ ಷಟರ್ ಕೊಟ್ಟರೆ ನೀರು ನೂಲಿನಂತೆ ಇಳಿಯುತ್ತದೆ. ಪೋಲರೈಸರ್ ಫಿಲ್ಟರ್ ಇದ್ದರೆ ಒದ್ದೆ ಎಲೆಗಳ ಹೊಳಪು ಅಡಗಿ ಹಸಿರು ಗಟ್ಟಿಯಾಗುತ್ತದೆ.

ಅನುಮತಿ

ಕಾರವಾರದ ನೌಕಾನೆಲೆಯ ಪರಿಸರದಲ್ಲಿ ಕ್ಯಾಮೆರಾ ಎತ್ತಬೇಡಿ. ಡ್ರೋನ್ ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದೆಯೇ ಎಂದು ನೋಡಿ. ದೇವಸ್ಥಾನದ ಗರ್ಭಗುಡಿಯ ಎದುರು ಕೇಳಿಯೇ ತೆಗೆಯಿರಿ. ಅಂಕೋಲಾ, ಗೋಕರ್ಣದ ಸಂತೆಗಳಲ್ಲಿ ತರಕಾರಿ ಮಾರುವ ಹಾಲಕ್ಕಿ ಮಹಿಳೆಯರ ಮಣಿಸರಗಳು ಎಲ್ಲ ಪ್ರವಾಸಿಗರ ಕಣ್ಣಿಗೂ ಬೀಳುತ್ತವೆ. ಅವರ ಮುಖಕ್ಕೆ ಲೆನ್ಸ್ ಹಿಡಿಯುವ ಮೊದಲು ಒಂದು ಮಾತು ಕೇಳಿ, ಬೇಡ ಎಂದರೆ ಅಲ್ಲಿಗೆ ಬಿಡಿ. ಒಪ್ಪಿದವರಿಗೆ ಮುಂದಿನ ಸಂತೆಯಲ್ಲಿ ಫೋಟೊದ ಒಂದು ಪ್ರತಿ ತಲುಪಿಸಿ. ಕುಮಟಾ, ಶಿರಸಿಯಂಥ ಪೇಟೆಗಳ ಸ್ಟುಡಿಯೊಗಳಲ್ಲಿ ಅಚ್ಚು ಹಾಕಿಸಬಹುದು.