ಕಡಿಮಿ ರೊಕ್ಕದಾಗ ಅಡಗಿಮನಿ: ಮೊದಲ ಜ್ವಾಳ, ಆಮ್ಯಾಲೆ ಉಳಿದದ್ದು

ವಿಜಯಪುರಕ್ಕ ಓದ್ಲಾಕ, ಕೆಲಸಕ್ಕ ಬಂದು ರೂಮ್ ಮಾಡಿದ ಹುಡುಗ್ರು ಭಾಳ ಮಂದಿ ತಿಂಗಳ ಕಡೀಕ ಚಹಾ-ಬನ್ನಿನ ಮ್ಯಾಲೆ ದಿನಾ ತಗೀತಾರ, ನೋಡಿದ್ರ ಹೊಟ್ಟಿ ಉರೀತದ. ಅಷ್ಟ ರೊಕ್ಕದಾಗ ಹೊಟ್ಟಿತುಂಬ ಚಲೋ ಊಟ ಆಗತದರಿ, ಸಾಮಾನು ತರೂ ಕ್ರಮ ಬದಲಿ ಮಾಡಬೇಕು ಅಷ್ಟ.

ಪಗಾರ ಬಂದ ದಿನ ಬಿಳಿಜ್ವಾಳ ತೊಗೊರಿ. ದಿನಕ್ಕ 4 ರೊಟ್ಟಿ ಹಿಡದ್ರ ಒಬ್ಬರಿಗೆ ತಿಂಗಳಿಗೆ 9-10 ಕಿಲೋ ಸಾಕು. ಆದ್ರ ಕಾಳು ತೊಗೊರಿ, ಹಿಟ್ಟು ಬ್ಯಾಡ, ನಾ ಒಮ್ಮೆ ಸಸ್ತಾ ಸಿಕ್ತು ಅಂತ 10 ಕಿಲೋ ಹಿಟ್ಟು ತಂದಿಟ್ಟು ಮೂರನೇ ವಾರಕ್ಕ ಜಿಗಿ ಹೋಗಿ ಬಡಿಯೂದ್ರಾಗ ರೊಟ್ಟಿ ಅಂಚು ಒಡದು ಚೂರಾಗಾಕ ಹತ್ತಿದ್ವು, ರುಚಿನೂ ಕಹಿ. ಈಗ 15 ದಿನಕ್ಕ ಆಗೂವಷ್ಟ ಗಿರಣಿಗೆ ಒಯ್ತೀನಿ. ಕಾಳು ಒಂದಿನ ಬಿಸಲಾಗ ಹಾಕಿ, ಆರಿದ ಮ್ಯಾಲೆ ಒಣಗಿದ ಬೇವಿನ ಎಲಿ ಜೋಡಿ ಡಬ್ಬಿಗೆ ತುಂಬ್ರಿ, ನುಸಿ ಹತ್ತೂದಿಲ್ಲ.

ರೊಟ್ಟಿ ದಿನಾ ಮಾಡೂದು ಆಗೂದಿಲ್ಲ ಅಂದ್ರ ರವಿವಾರ ಒಮ್ಮೆ ಕೂತು ಕಟಕ ರೊಟ್ಟಿ ಮಾಡ್ರಿ. ಕುದಿಯೂ ನೀರು ಹಾಕಿ ಚಂದ ನಾದಿ, ತೆಳ್ಳಗ ಬಡದು, ಹಂಚಿನ ಮ್ಯಾಲೆ ಹಾಕಿದ ಕೂಡ್ಲೆ ನೀರಿನ ಅರಬಿ ಸವರಿ ಬೇಯಿಸಿ, ಆಮ್ಯಾಲೆ ಸಣ್ಣ ಉರಿ ಮುಂದ ನಿಂದರಿಸಿ ಒಣಗಸ್ರಿ. ಮುರದ್ರ ಕಟ್ ಅನಬೇಕು, ನಡುವ ಮೆತ್ತಗ ಉಳದ್ರ ಬೂಷ್ಟು ಹಿಡೀತದ. ಪೂರಾ ಒಣಗಿದ್ದು ತಿಂಗಳಗಟ್ಟಲೆ ಇರತಾವ.

ಬರೇ ರೊಟ್ಟಿ ತಿಂದ್ರ ಆಗೂದಿಲ್ಲ, ಜ್ವಾಳದಾಗ ಲೈಸಿನ್ ಅನ್ನೂ ಪ್ರೋಟೀನಿನ ಅಂಶ ಕಡಿಮಿ, ಅದು ಬ್ಯಾಳಿ ಕಾಳಿನಾಗ ಬೇಕಾದಷ್ಟು ಅದ, ನಮ್ಮ ಹಿರ್ಯಾರು ರೊಟ್ಟಿಗೆ ಕಾಳಪಲ್ಯಾ ಹಚ್ಚಿದ್ದು ಸುಮ್ನ ಅಲ್ಲ. ಮಡಕಿ ಕಾಳು ಒಂದ ವಾಟಿ ರಾತ್ರಿ ನೆನೆ ಹಾಕ್ರಿ, ಮುಂಜಾನೆ ಬಸದು ಹಸಿ ಅರಬ್ಯಾಗ ಕಟ್ಟಿಟ್ರ ಸಂಜಿಗೆ ಮೊಳಕಿ ಇಣುಕತಾವ, ಒಂದ ವಾಟಿ ಎರಡಕ್ಕಿಂತ ಜಾಸ್ತಿ ಆಗಿರತದ. ಉಳ್ಳಾಗಡ್ಡಿ, ಖಾರ, ಉಪ್ಪು ಹಾಕಿ ಕೈಯಾಡಿಸಿ ಬೇಯಿಸಿದ್ರ ಇಬ್ಬರ ಊಟ. ಕಡೀಕ ಲಿಂಬಿಹಣ್ಣು ಹಿಂಡ್ರಿ, ಕಾಳಿನಾಗಿನ ಕಬ್ಬಿಣ ಮೈಗೆ ಹತ್ತತದ, ನಮ್ಮ ಜಿಲ್ಲಾದ ಇಂಡಿ ಕಡೆ ಬೆಳೆಯೂ ಲಿಂಬಿ ನಮಗ ಬಾಗಿಲದಾಗನ ಅದ.

ಶೇಂಗಾ ಹಿಂಡಿ ಒಂದು ಡಬ್ಬಿ ಇರಲೇಬೇಕು. ಅರ್ಧ ಕಿಲೋ ಶೇಂಗಾ ಸಣ್ಣ ಉರಿಮ್ಯಾಲೆ ಹುರದು, ಸಿಪ್ಪಿ ತಿಕ್ಕಿ ಊದಿ, ಬೆಳ್ಳುಳ್ಳಿ, ಒಣಖಾರ, ಉಪ್ಪು ಹಾಕಿ ತರಿತರಿ ಕುಟ್ರಿ, ಮಿಕ್ಸರಿನ್ಯಾಗ ಹಾಕಿದ್ರ ಬಿಟ್ಟು ಬಿಟ್ಟು ತಿರಗಸ್ರಿ ಇಲ್ಲಂದ್ರ ಎಣ್ಣಿ ಬಿಟ್ಟು ಮುದ್ದಿ ಆಗತದ. 100 ಗ್ರಾಂ ಶೇಂಗಾದಾಗ ಹತ್ರ 25 ಗ್ರಾಂ ಪ್ರೋಟೀನ್ ಇರತದ. ಹಸಿ ಚಮಚಾ ಮಾತ್ರ ಹಾಕಬ್ಯಾಡ್ರಿ.

ಕಾಯಿಪಲ್ಯಾ ಸಂಜಿ ಮುಂದ ತರ್ರಿ, ಮಾರಾವ್ರು ಮನಿಗೆ ಹೋಗೂ ಹೊತ್ತಿನಾಗ ಮೆಂತೆ, ರಾಜಗಿರಿ ಸಿವುಡು ಅಗ್ಗ ಬಿಡತಾರ. ಪುಂಡಿ ಸಿಕ್ರ ಬಿಡಬ್ಯಾಡ್ರಿ, ಜ್ವಾಳದ ನುಚ್ಚು, ಬ್ಯಾಳಿ ಹಾಕಿ ಕುದಿಸಿದ ಪುಂಡಿಪಲ್ಯಾ ಹುಳಿ ಇರೂದಕ್ಕ ಮರುದಿನನೂ ನಡೀತದ, ರುಚಿ ಮತ್ತಿಷ್ಟು ಏರತದ. ಮಸಾಲಿ ಪಾಕೀಟು, ಬಿಸ್ಕಿಟು, ಫರಸಾಣ ಲಿಸ್ಟಿನಿಂದ ತಗೀರಿ, ಆ ರೊಕ್ಕದಾಗ ಒಂದ ಕಿಲೋ ಹೆಸರಬ್ಯಾಳಿ ಬರತದ. ರೇಶನ್ ಅಕ್ಕಿ ಇದ್ರ ಎರಡು ಮುಟಗಿ ಬ್ಯಾಳಿ ಕೂಡಿಸಿ ಖಿಚಡಿ ಮಾಡ್ರಿ, ಜೋಡಿ ಮಜ್ಜಿಗಿ, ಹಸಿ ಉಳ್ಳಾಗಡ್ಡಿ.