ಗಡಿನಾಡಿನ ಸುದ್ದಿಗೆ ನಮ್ಮದೇ ಸರ್ವರ್: ಕಾಸರಗೋಡಿನಿಂದ ನನ್ನ ಅನುಭವ

2024ರ ಜುಲೈಯಲ್ಲಿ ‘ಕೂ’ ಮುಚ್ಚುವ ಸುದ್ದಿ ಬಂದಾಗ ನಮ್ಮ ಗ್ರಂಥಾಲಯದಲ್ಲಿ ಬಹಳ ಚರ್ಚೆಯಾಯಿತು. 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಾಲತಾಣ ಅದು. ಮೊದಲು ಬಂದದ್ದೇ ಕನ್ನಡದಲ್ಲಿ. ಮಂತ್ರಿಗಳು, ಸರಕಾರಿ ಇಲಾಖೆಗಳು ಎಲ್ಲ ಅಲ್ಲಿ ಖಾತೆ ತೆರೆದಿದ್ದರು. ಬೇರೆಯವರ ಜಗಲಿಯಲ್ಲಿ ಕೂತು ಎಷ್ಟು ವರ್ಷ ಮಾತಾಡಿದರೂ ಜಗಲಿ ಅವರದ್ದೇ, ಅಲ್ವಾ? ನಮ್ಮ ಮಾತು ನಮ್ಮ ಹತ್ತಿರವೇ ಉಳಿಯಬೇಕು ಎಂದು ಮಾಸ್ಟೊಡಾನ್ ಸರ್ವರ್ ಹಾಕಲು ಹೊರಟೆವು. ಮಾಸ್ಟೊಡಾನ್ ಎಂದರೆ ಟ್ವಿಟರ್ ಹಾಗೆ ಚಿಕ್ಕ ಪೋಸ್ಟ್ ಹಾಕುವ ತಂತ್ರಾಂಶ. ಯಾರು ಬೇಕಾದರೂ ಅದನ್ನು ತಮ್ಮದೇ ಸರ್ವರ್, ಅಂದರೆ ಸದಾ ಜಾಲದಲ್ಲಿರುವ ಕಂಪ್ಯೂಟರಿನಲ್ಲಿ ನಡೆಸಬಹುದು.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಇದು ಯಾಕೆ ಬೇಕು ಎಂದು ಹೊರಗಿನವರಿಗೆ ಹೇಳಬೇಕಾಗುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಇಲ್ಲಿ ಕೂತು ಫೋನ್ ತೆರೆದರೆ ಜಾಸ್ತಿ ಕಾಣುವುದು ಮಲಯಾಳ. ಕನ್ನಡ ಬಂದರೂ ಅದು ಬೆಂಗಳೂರಿನ ಸುದ್ದಿ. ನಮ್ಮೂರಿನ ಸುದ್ದಿ ಕನ್ನಡದಲ್ಲಿ ಬೇಕೆಂದರೆ ವಾಟ್ಸಾಪ್ ಒಂದೇ ಗತಿ.

ವಾಟ್ಸಾಪಿನ ಕಷ್ಟ ಗೊತ್ತಾಗುವುದು ಮಳೆಗಾಲದಲ್ಲಿ. ಜೋರು ಮಳೆ ಬಂದು ಮಧೂರಿನಲ್ಲಿ ಮಧುವಾಹಿನಿ ಉಕ್ಕಿದ ರಾತ್ರಿ ಎಲ್ಲರಿಗೂ ಒಂದೇ ಪ್ರಶ್ನೆ: ನಾಳೆ ಶಾಲೆ ಉಂಟಾ? ಜಿಲ್ಲಾಧಿಕಾರಿಯ ರಜೆಯ ಆದೇಶ ಬರುವ ಮೊದಲೇ ಹೋದ ವರ್ಷದ ಆದೇಶದ ಫೋಟೋ ಗುಂಪುಗಳಲ್ಲಿ ಓಡಾಡುತ್ತದೆ. ತಾರೀಕಿನ ಜಾಗ ಕತ್ತರಿಸಿ ಹೋಗಿರುತ್ತದೆ. “ಮಾಷ್ಟ್ರೇ, ಇದು ನಿಜವಾ?” ಎಂದು ಗ್ರಂಥಾಲಯದ ಕಾರ್ಯದರ್ಶಿಗೆ ಫೋನ್ ಮೇಲೆ ಫೋನ್.

ನಾವು ದಾರಿ ನೋಡಿಕೊಂಡದ್ದು ಹೊರದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಗಳಿಂದ. 2023ರ ಜುಲೈ ಕೊನೆಗೆ ಬಿಬಿಸಿಯ ಸಂಶೋಧನಾ ವಿಭಾಗ ಆರು ತಿಂಗಳ ಪ್ರಯೋಗ ಎಂದು ಹೇಳಿ ತನ್ನದೇ ಮಾಸ್ಟೊಡಾನ್ ಸರ್ವರ್ ತೆರೆಯಿತು. ವಿಳಾಸ ಸೋಶಿಯಲ್ ಡಾಟ್ ಬಿಬಿಸಿ. ಡಾಟ್ ಬಿಬಿಸಿ ಎಂಬ ಕೊನೆಯೇ ಅವರ ಸ್ವಂತದ್ದು. ಹಾಗಾಗಿ ಅಲ್ಲಿಂದ ಬಂದ ಪೋಸ್ಟು ಬಿಬಿಸಿಯದ್ದೇ ಎಂದು ತಿಳಿಯಲು ವಿಳಾಸ ನೋಡಿದರೆ ಸಾಕು. ನೀಲಿ ಟಿಕ್‌ಗೆ ಯಾರನ್ನೂ ಕೇಳಬೇಕಿಲ್ಲ. ಜರ್ಮನಿಯ ಎಆರ್‌ಡಿ ಮತ್ತು ಝಡ್‌ಡಿಎಫ್ ಕೂಡ ತಮ್ಮದೇ ಸರ್ವರ್ ಇಟ್ಟುಕೊಂಡಿವೆ. ಅದೇ 2023ರ ಏಪ್ರಿಲ್‌ನಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಖಾತೆಗೆ ಟ್ವಿಟರ್ ಸರಕಾರಿ ಮಾಧ್ಯಮ ಎಂಬಂತೆ ಹಣೆಪಟ್ಟಿ ಹಚ್ಚಿತು. ಎನ್‌ಪಿಆರ್ ಅಲ್ಲಿ ಪೋಸ್ಟ್ ಹಾಕುವುದನ್ನೇ ನಿಲ್ಲಿಸಿತು. ನಮ್ಮ ಹೆಸರಿನ ಪಕ್ಕ ಏನು ಬರೆಯಬೇಕೆಂದು ಇನ್ನೊಬ್ಬರು ತೀರ್ಮಾನಿಸುವ ಜಾಗದಲ್ಲಿ ಸುದ್ದಿ ಸಂಸ್ಥೆ ಇರುವುದು ಕಷ್ಟ ಎಂದು ನನಗೂ ಅನಿಸುತ್ತದೆ.

ಬಿಬಿಸಿಯಿಂದ ನಾವು ಹಾಗೇ ಎತ್ತಿಕೊಂಡದ್ದು ಒಂದು ನಿಯಮ: ಹೊರಗಿನವರಿಗೆ ಖಾತೆ ಕೊಡುವುದಿಲ್ಲ. ನಮ್ಮಲ್ಲಿ ಖಾತೆ ಇರುವುದು ಗ್ರಂಥಾಲಯಕ್ಕೆ, ಯಕ್ಷಗಾನ ಸಂಘಕ್ಕೆ, ಮಳೆ ಮತ್ತು ಶಾಲೆಯ ಸೂಚನೆಗೆ, ಅಷ್ಟೇ. ಬೇರೆ ಸರ್ವರ್‌ನಲ್ಲಿ ಇರುವವರು ಅಲ್ಲಿಂದಲೇ ನಮ್ಮನ್ನು ಫಾಲೋ ಮಾಡಬಹುದು, ಉತ್ತರ ಬರೆಯಬಹುದು. ಆಕ್ಟಿವಿಟಿಪಬ್ ಎಂಬ ಒಪ್ಪಂದದ ಭಾಷೆಯಲ್ಲಿ ಸರ್ವರ್‌ಗಳು ಒಂದಕ್ಕೊಂದು ಮಾತಾಡುತ್ತವೆ. 2018ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದನ್ನು ಮಾನದಂಡವಾಗಿ ಒಪ್ಪಿತು. ಸಾವಿರ ಜನರ ಖಾತೆ ನೋಡಿಕೊಳ್ಳುವ ಕೆಲಸ ನಮ್ಮ ತಲೆ ಮೇಲೆ ಇಲ್ಲ.

ಡೊಮೇನ್ ಹೆಸರನ್ನು ಗ್ರಂಥಾಲಯದ ಹೆಸರಿನಲ್ಲೇ ನೋಂದಾಯಿಸಿದೆವು, ನನ್ನ ಹೆಸರಿನಲ್ಲಿ ಅಲ್ಲ. ಮಾಸ್ಟೊಡಾನ್ ಒಮ್ಮೆ ಶುರುವಾದ ಮೇಲೆ ಡೊಮೇನ್ ಬದಲಿಸಲು ಆಗುವುದಿಲ್ಲ. ಸಮಿತಿ ಬದಲಾದರೂ ವಿಳಾಸ ಉಳಿಯಬೇಕು. ಖಾತೆಯ ಐಡಿ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಆದರೆ ಕಾಣುವ ಹೆಸರು ಕನ್ನಡದಲ್ಲಿ ಹಾಕಬಹುದು. ಒಂದು ಪೋಸ್ಟಿಗೆ 500 ಅಕ್ಷರದ ಮಿತಿ. ಕನ್ನಡಕ್ಕೆ ಇದು ಧಾರಾಳ, ಯಾಕೆಂದರೆ ಕಾ, ಕಿ, ಕೂ ಎಲ್ಲ ಒಂದೊಂದೇ ಎಂದು ಲೆಕ್ಕವಾಗುತ್ತದೆ. ಪೋಸ್ಟಿನ ಭಾಷೆ ಕನ್ನಡ ಎಂದು ಆರಿಸುವುದನ್ನು ಮಾತ್ರ ಬಿಡಬಾರದು. ಭಾಷೆ ನೋಡಿ ಸೋಸುವವರಿಗೆ ಆಗಲೇ ನಾವು ಸಿಗುವುದು. ಪೂರ್ತಿ ಪಠ್ಯದ ಹುಡುಕಾಟಕ್ಕೆ ಬೇರೆ ತಂತ್ರಾಂಶವಾದ ಇಲಾಸ್ಟಿಕ್‌ಸರ್ಚ್ ಬೇಕು, ಅದಕ್ಕೆ ಮೆಮೊರಿ ಬಹಳ. ನಾವು ಅದನ್ನು ಬಿಟ್ಟು #ಯಕ್ಷಗಾನ, #ಮಳೆ ಎಂದು ಹ್ಯಾಶ್‌ಟ್ಯಾಗ್ ಹಾಕುವ ಅಭ್ಯಾಸ ಮಾಡಿಕೊಂಡೆವು.

ಡಿಸ್ಕ್ ತುಂಬುವುದು ನಮ್ಮ ಫೋಟೋಗಳಿಂದ ಅಲ್ಲ. ನಾವು ಫಾಲೋ ಮಾಡುವ ಬೇರೆ ಸರ್ವರ್‌ಗಳ ಚಿತ್ರ, ವೀಡಿಯೊಗಳ ಪ್ರತಿ ನಮ್ಮಲ್ಲಿ ಬಂದು ಕೂರುತ್ತದೆ. ಹಳೆಯದನ್ನು ತಾನಾಗಿ ಅಳಿಸುವ ಅವಧಿಯನ್ನು ಆಡಳಿತದ ಸೆಟ್ಟಿಂಗ್‌ನಲ್ಲಿ ಮೊದಲ ದಿನವೇ ಕೊಟ್ಟುಬಿಡಿ. ಡೇಟಾಬೇಸ್ ಮತ್ತು ಕಾನ್ಫಿಗರೇಶನ್ ಫೈಲು ಎರಡರ ಬ್ಯಾಕಪ್ಪೂ ಬೇರೆ ಜಾಗದಲ್ಲಿ ಇರಲಿ.

ನಮ್ಮೂರಿನಲ್ಲಿ ಮಾಸ್ಟೊಡಾನ್ ಖಾತೆ ಇರುವವರು ಬಹಳ ಕಡಿಮೆ. ಆದರೂ ಇದು ಕೆಲಸ ಮಾಡುತ್ತಿದೆ. ಪೋಸ್ಟಿನ ಲಿಂಕ್ ಒತ್ತಿದರೆ ಲಾಗಿನ್ ಕೇಳುವುದಿಲ್ಲ, ಸುಮ್ನೆ ತೆರೆದುಕೊಳ್ಳುತ್ತದೆ. ಹಾಕಿದ ದಿನ, ಹೊತ್ತು ಅಲ್ಲೇ ಕಾಣುತ್ತದೆ. ತಿದ್ದಿದ್ದರೆ ತಿದ್ದಿದ್ದೂ ಕಾಣುತ್ತದೆ. ಈಗ ರಜೆಯ ಆದೇಶ ಬಂದ ಕೂಡಲೇ ಮಾಷ್ಟ್ರು ಅದನ್ನು ಕನ್ನಡದಲ್ಲಿ ಬರೆದು ಸರ್ವರ್‌ಗೆ ಹಾಕುತ್ತಾರೆ. ವಾಟ್ಸಾಪ್ ಗುಂಪುಗಳಿಗೆ ಹೋಗುವುದು ಆ ಲಿಂಕ್. ದುಬೈಯಲ್ಲಿ ಇರುವ ಅಪ್ಪಂದಿರೂ ಅದನ್ನೇ ನೋಡುತ್ತಾರೆ. ಪ್ರೊಫೈಲ್ ವಿಳಾಸದ ಕೊನೆಗೆ ಡಾಟ್ ಆರ್‌ಎಸ್‌ಎಸ್ ಸೇರಿಸಿದರೆ ಹೊಸ ಪೋಸ್ಟುಗಳು ತಾವಾಗಿ ಬಂದು ಸೇರುವ ಪಟ್ಟಿ, ಅಂದರೆ ಫೀಡ್, ಸಿಗುತ್ತದೆ. ಗ್ರಂಥಾಲಯದ ಪರದೆಗೆ ಸುದ್ದಿ ಬರುವುದು ಹಾಗೆ.

ಎಲ್ಲರದ್ದೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಸ್ವಿಟ್ಜರ್ಲೆಂಡ್ ಸರಕಾರ 2023ರ ಸೆಪ್ಟೆಂಬರ್‌ನಲ್ಲಿ ತೆರೆದ ಸರ್ವರನ್ನು ಓದುಗರು ಸಾಲದು ಎಂದು ಒಂದು ವರ್ಷಕ್ಕೇ ಮುಚ್ಚಿತು. ಐರೋಪ್ಯ ಒಕ್ಕೂಟದ ಪ್ರಯೋಗ 2022ರಿಂದ 2024ರವರೆಗೆ ನಡೆದು ನಿಂತಿತು. ಫಾಲೋವರ್ ಲೆಕ್ಕ ಒಂದನ್ನೇ ನೋಡಿದರೆ ನಮ್ಮದನ್ನೂ ಮುಚ್ಚಬೇಕಾದೀತು. ರಜೆಯ ಹಳೇ ಆದೇಶ ಎಷ್ಟು ಬೇಗ ನಿಲ್ಲುತ್ತದೆ ಎಂಬುದನ್ನು ನಾನು ನೋಡುತ್ತೇನೆ.

ನನಗೆ ನಿಜವಾಗಿ ಬೇಕಾಗಿರುವುದು ಆಕಾಶವಾಣಿಯ ಸರ್ವರ್. ಮಂಗಳೂರು ಕೇಂದ್ರ 1976ರಲ್ಲಿ ಶುರುವಾಯಿತು. ಗಡಿಯ ಈಚೆ ಇರುವ ನಾವೂ ಅದನ್ನು ಕೇಳುತ್ತಲೇ ಬೆಳೆದವರು. ಪ್ರಸಾರ ಭಾರತಿ ತನ್ನ ಡೊಮೇನ್‌ನಲ್ಲಿ ಒಂದು ಸರ್ವರ್ ಇಟ್ಟು ಪ್ರತಿ ಕೇಂದ್ರಕ್ಕೂ ಒಂದು ಖಾತೆ ಕೊಟ್ಟರೆ ಸಾಕು. ಹೊರಗಿನವರಿಗೆ ತೆರೆಯಬೇಕಿಲ್ಲ. ಒಂದು ಚಿಕ್ಕ ಗ್ರಂಥಾಲಯ ನಡೆಸಬಲ್ಲದ್ದನ್ನು ಅಷ್ಟು ದೊಡ್ಡ ಸಂಸ್ಥೆ ಖಂಡಿತ ನಡೆಸಬಹುದು. ಅವರು ಪೋಸ್ಟ್ ಹಾಕಿದ ದಿನ ನಮ್ಮ ಸರ್ವರ್‌ನಿಂದ ಅದನ್ನು ಬೂಸ್ಟ್ ಮಾಡುವ, ಅಂದರೆ ನಮ್ಮ ಫಾಲೋವರ್‌ಗಳಿಗೂ ಹಂಚುವ ಕೆಲಸ ನನ್ನದು.